ಹದಿನಾಲ್ಕನೇ ನಂಬರಿನ ಏಳು ಪಾಸುಗಳು

ಕರ್ಕ್‌ಲ್ಯಾಂಡ್
ಶನಿವಾರ, ೨೯ ಮಾರ್ಚ್ ೨೦೧೪

ಪ್ರೀತಿಯ ಸೋಮಲಿಂಗಪ್ಪನಿಗೆ ಬಾಲಕೃಷ್ಣನ ನಮಸ್ಕಾರ.

ಬೈಯಬೇಡ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ದೀಪಾವಳಿಗೆ ನೀನು ಬರೆದ ಕಾಗದ ಐದು ತಿಂಗಳಿಂದ ನನ್ನ ಮೇಜಿನ ಮೇಲೇ ಇದೆ. ಅತ್ತಿಗೆ ಶರಣವ್ವನವರಿಗೆ ಮೊಣಕಾಲಿನ ಆಪರೇಷನ್ ಆಯಿತೆಂದು ಬರೆದಿದ್ದೆ. ಹೇಗಿದ್ದಾರೆ ಎಂದು ಒಂದು ಸಾಲೂ ಕೇಳಲಿಲ್ಲ ನಾನು, ಎಂಥ ಗೆಳೆಯನೋ! ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ‘ಹೂಂ’, ‘ಆಗ್ಲಿ’ ಬಿಟ್ಟು ಮೂರನೆಯ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ. ನಾನು ಅಮೆರಿಕಕ್ಕೆ ಓದಲು ಬಂದ ದಿನದಿಂದ ನಮ್ಮದು ಕಾಗದದ ಸ್ನೇಹ, ಹಾಗೇ ಇರಲಿ. ಅಲ್ಲದೆ ಈ ಸಲ ಹೇಳಬೇಕಾದದ್ದು ಬಾಯಲ್ಲಿ ಬರುವಂಥದ್ದಲ್ಲ.

ನಾಡಿದ್ದು ಯುಗಾದಿ. ಮಾಧವಿ ಫ್ರೀಜರಿನಲ್ಲಿಟ್ಟಿದ್ದ ಬೇವಿನ ಸೊಪ್ಪು ಹೊರಗೆ ತೆಗೆದಿದ್ದಾಳೆ. ಹೋಳಿಗೆಗೆ ಬೇಳೆ ಅಳೆಯುವಾಗ “ಎಷ್ಟು ಜನಕ್ಕೆ ಮಾಡ್ಲಿ ರೀ?” ಎಂದು ಕೇಳಿದಳು. ಗ್ರೀಷ್ಮಾ ಬರುತ್ತಾಳೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿಲ್ಲ. ಕಾಲೇಜಿನ ಹತ್ತಿರ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ, ಇಲ್ಲಿಂದ ಅರ್ಧ ಗಂಟೆಯ ದಾರಿ. ಹತ್ತು ದಿನದಿಂದ ನನ್ನ ಫೋನ್ ತೆಗೆಯುತ್ತಿಲ್ಲ. ‘ಬಿಝಿ ಅಪ್ಪ’ ಎಂದು ಎರಡು ಮೆಸೇಜು ಬಂದಿವೆ, ಅಷ್ಟೇ.

ಅವಳು ಐಸ್ ಹಾಕಿ ಆಡುವುದು ನಿನಗೆ ಗೊತ್ತು. ‘ಮಂಜುಗಡ್ಡೆ ಮೇಲೆ ಕೋಲು ಹಿಡಕೊಂಡು ಏನು ಮಾಡ್ತಾಳೋ ನಿನ್ನ ಮಗಳು’ ಎಂದು ಒಮ್ಮೆ ಬರೆದಿದ್ದೆ. ಹನ್ನೊಂದು ವರ್ಷದವಳಿದ್ದಾಗ ಶುರು ಮಾಡಿದ್ದು, ಈಗ ಇಪ್ಪತ್ತೊಂದು. ಕಾಲೇಜು ತಂಡದಲ್ಲಿ ಡಿಫೆನ್ಸ್ ಆಡುತ್ತಾಳೆ, ಹದಿನಾಲ್ಕನೇ ನಂಬರು. ಎದುರಾಳಿಗಳನ್ನು ತಡೆದು, ಬಿಲ್ಲೆಯನ್ನು ನಮ್ಮ ಮುಂದಿನವರಿಗೆ ದಾಟಿಸುವುದು ಅವಳ ಕೆಲಸ. ಇವರ ಆಟದಲ್ಲಿ ಚೆಂಡಿಲ್ಲ, ಕಪ್ಪು ರಬ್ಬರಿನ ಬಿಲ್ಲೆ. ಗೋಲು ಹೊಡೆದವಳಿಗೆ ಒಂದು ಪಾಯಿಂಟು. ಅದಕ್ಕೆ ಮುಂಚೆ ಪಾಸು ಕೊಟ್ಟ ಇಬ್ಬರಿಗೂ ಒಂದೊಂದು. ಡಿಫೆನ್ಸಿನವರು ಗೋಲು ಹೊಡೆಯುವುದು ಅಪರೂಪ, ಅವರಿಗೆ ಪಾಸೇ ಆಸ್ತಿ.

ಸೀಸನ್ ಮುಗಿದ ಮೇಲೆ ಲೀಗಿನ ಎಂಟು ಕಾಲೇಜುಗಳೂ ಒಂದು ಕಡೆ ಸೇರಿ ಊಟ ಮಾಡಿ ಬಹುಮಾನ ಹಂಚುತ್ತವೆ. ಎಲ್ಲದರ ಕೊನೆಗೆ ಆಲ್‌ಸ್ಟಾರ್ ತಂಡದ ಹೆಸರು ಕೂಗುತ್ತಾರೆ. ಇಡೀ ಲೀಗಿನಿಂದ ಆರೇ ಜನ, ಅದರಲ್ಲಿ ಡಿಫೆನ್ಸಿಗೆ ಎರಡೇ ಜಾಗ. ಹಿಂದಿನ ಎರಡು ವರ್ಷವೂ ಅವಳ ಹೆಸರು ಅಂಚಿನವರೆಗೆ ಬಂದು ಬಿಟ್ಟುಹೋಗಿತ್ತು. ಇದು ಕೊನೆಯ ವರ್ಷ. ಬಾಯಿಬಿಟ್ಟು ಹೇಳುವವಳಲ್ಲ ಅವಳು, ಆದರೆ ಈ ಚಳಿಗಾಲವೆಲ್ಲ ಬೆಳಗಿನ ಐದಕ್ಕೆ ಎದ್ದು ಒಬ್ಬಳೇ ಅಭ್ಯಾಸಕ್ಕೆ ಹೋಗುತ್ತಿದ್ದಳು. ಎಷ್ಟು ಆಸೆ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿತ್ತು ಕಣೋ. ಗೊತ್ತಿದ್ದೂ ಮಾಡಿದೆ.

ಮೂರು ವರ್ಷದಿಂದ ನಮ್ಮ ತಂಡದ ಸ್ಕೋರರ್ ನಾನು. ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಬನ್ನಿ ಎಂದು ಕೋಚ್ ಕೇಳಿದಾಗ ಸುಮ್ಮನಿರಲಾರದೆ, ದಾವಣಗೆರೆಯಲ್ಲಿ ಕ್ರಿಕೆಟ್ ಸ್ಕೋರ್ ಬರೆದವನು ನಾನು ಎಂದು ಜಂಬ ಕೊಚ್ಚಿಕೊಂಡೆ. ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ ಕೋಟು ಟೋಪಿ ಹಾಕಿಕೊಂಡು ಕೂರುವುದು. ಗೋಲಾದರೆ ರೆಫರಿ ಜಾರುತ್ತ ಕಿಟಕಿಯ ಬಳಿ ಬಂದು, ಹೊಡೆದವಳ ನಂಬರು, ಪಾಸು ಕೊಟ್ಟವರ ನಂಬರು ಹೇಳುತ್ತಾನೆ. ಗುಂಪಿನಲ್ಲಿ ಪಾಸು ಯಾರದ್ದೆಂದು ಅವನಿಗೆ ಕಾಣದಿದ್ದರೆ ನನ್ನ ಮುಖ ನೋಡುತ್ತಾನೆ. ಆಗ ನಾನು ಹೇಳಿದ್ದೇ ಆಯಿತು.

ಮೊದಲ ವರ್ಷವೇ ಒಂದು ಮ್ಯಾಚಿನಲ್ಲಿ ಎದುರು ತಂಡದ ಹುಡುಗಿಯೊಬ್ಬಳ ತಂದೆ ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳಲು ಕೂತಿದ್ದ. “ಹದಿನಾಲ್ಕು ನಿಮ್ಮ ಮಗಳಾ? ಹಾಗಾದ್ರೆ ಅವಳಿಗೆ ಪಾಯಿಂಟಿಗೇನೂ ಬರ ಇರಲ್ಲ ಬಿಡಿ” ಎಂದು ನಕ್ಕ. ತಮಾಷೆಗೇ ಹೇಳಿದ್ದಿರಬಹುದು. ನನ್ನ ಕಿವಿ ಬಿಸಿಯಾಯಿತು. ಹಾಸ್ಟೆಲಿನಲ್ಲಿ ನನ್ನ ಕೈಗೆ ಸ್ಕೋರ್ ಬುಕ್ ಕೊಡುವಾಗ ಗುರುಪಾದಪ್ಪ ಮೇಷ್ಟ್ರು ಹೇಳಿದ್ದು ನೆನಪಿದೆಯಾ? “ಕಂಡದ್ದನ್ನ ಬರಿಯಪ್ಪ, ಅಷ್ಟೇ.” ಅದಕ್ಕೆ ಇನ್ನೊಂದು ನಿಯಮ ಸೇರಿಸಿಕೊಂಡವನು ನಾನೇ: ನಮ್ಮವರಾದರೆ ಒಂದು ಕಡಿಮೆ ಬರಿ. ಆಗ ಅದೊಂದು ದೊಡ್ಡತನ ಅನ್ನಿಸಿತ್ತು. ಆ ನಿಯಮವನ್ನು ಇಷ್ಟು ದೂರ ಹೊತ್ತು ತಂದು ಮಗಳ ಮೇಲೆ ಹಾಕಿದೆ.

ರೆಫರಿ ನನ್ನ ಮುಖ ನೋಡಿದಾಗ ಹದಿನಾಲ್ಕು ಎಂದು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಬೇರೆ ಯಾರದೋ ನಂಬರು ಹೇಳುತ್ತಿದ್ದೆ, ಇಲ್ಲವೇ ‘ಕಾಣಲಿಲ್ಲ’ ಎನ್ನುತ್ತಿದ್ದೆ. ಆಫೀಸಿನಲ್ಲಿ ವಿಮಾನದ ರೆಕ್ಕೆಗೆ ಭಾರ ಹಾಕಿ ನೋಡುವಾಗ ಅನುಮಾನದ ಅಂಕಿಯನ್ನು ಬೇರೆ ಪುಸ್ತಕದಲ್ಲಿ ಗುರುತು ಹಾಕಿಡುವುದು ನನ್ನ ಅಭ್ಯಾಸ. ಇಲ್ಲೂ ಹಾಗೇ ಮಾಡಿದೆ. ಜೇಬಿನ ಪುಟ್ಟ ಪುಸ್ತಕದಲ್ಲಿ ದಿನಾಂಕ, ಎಷ್ಟನೇ ನಿಮಿಷ, ಪಕ್ಕದಲ್ಲಿ ಪೆನ್ಸಿಲಿನ ಒಂದು ಚುಕ್ಕೆ. ಈ ಸೀಸನ್ನಿನಲ್ಲಿ ಏಳು ಚುಕ್ಕೆ. ಮೂರು ನಿಜಕ್ಕೂ ಅನುಮಾನದವು. ನಾಲ್ಕು ಪಾಸು ಮಾತ್ರ ಅವಳ ಕೋಲಿನಿಂದ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಹದಿನಾರನೇ ತಾರೀಕು ಭಾನುವಾರ ಮಧ್ಯಾಹ್ನ ಟಕ್ವಿಲಾದ ಒಂದು ಹೋಟೆಲಿನಲ್ಲಿ ಊಟ. ಗ್ರೀಷ್ಮಾ ಕಪ್ಪು ಬಟ್ಟೆ ಹಾಕಿ, ಮಾಧವಿಯ ಮುತ್ತಿನ ಓಲೆ ಹಾಕಿಕೊಂಡಿದ್ದಳು. ಯಾವಾಗಲೂ ಹೆಲ್ಮೆಟ್ಟಿನೊಳಗೇ ನೋಡಿದ ಮುಖ, ನನಗೆ ಗುರುತೇ ಸಿಗಲಿಲ್ಲ. ಊಟ ಮುಗಿಯುತ್ತಲೇ ಲೀಗಿನ ಅಧ್ಯಕ್ಷೆ ಎದ್ದು ನಿಂತರು. ಒಳ್ಳೆಯ ಗೋಲ್‌ಕೀಪರ್ ಆಯಿತು, ಹೊಸಬರಲ್ಲಿ ಒಳ್ಳೆಯವಳು ಆಯಿತು. ಆಮೇಲೆ ಏನು ಹೇಳಿದರು ಗೊತ್ತಾ? ಈ ವರ್ಷ ಒಬ್ಬ ಸ್ವಯಂಸೇವಕರಿಗೂ ಬಹುಮಾನವಿದೆಯಂತೆ. ಸ್ವಂತ ಮಗಳು ಆಡುತ್ತಿದ್ದರೂ ಒಂದು ದಿನವೂ ಪಕ್ಷಪಾತ ಮಾಡದೆ ಲೆಕ್ಕ ಬರೆದ ಬಾಲಕೃಷ್ಣ ಅವರಿಗೆ. ಎಲ್ಲ ಕೋಚುಗಳೂ ಒಮ್ಮತದಿಂದ ಸೂಚಿಸಿದ್ದಾರಂತೆ.

ಎದ್ದು ಹೋದೆ. ಮರದ ಹಲಗೆಯ ಮೇಲೆ ಹಿತ್ತಾಳೆ ತಗಡು, ಅದರ ಮೇಲೆ ನನ್ನ ಹೆಸರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಗ್ರೀಷ್ಮಾ, ಎದ್ದು ನಿಂತು ಸಿಳ್ಳೆ ಹಾಕಿದಳು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ತುಂಬಾ ಸಂತೋಷವಾಯಿತು.

ಆಮೇಲೆ ಆಲ್‌ಸ್ಟಾರ್. ಡಿಫೆನ್ಸಿನ ಮೊದಲ ಹೆಸರು ಪೋರ್ಟ್‌ಲ್ಯಾಂಡ್ ಕಡೆಯ ಹುಡುಗಿಯದು. ಎರಡನೆಯ ಜಾಗಕ್ಕೆ ಇಬ್ಬರಿಗೆ ಕೋಚುಗಳ ಓಟು ಸರಿಸಮ ಬಂದಿದೆ ಎಂದರು. ಅಂಥಾಗ ಸೀಸನ್ನಿನ ಪಾಯಿಂಟು ನೋಡುವುದು ನಿಯಮವಂತೆ. ಒಬ್ಬಳಿಗೆ ಹತ್ತೊಂಬತ್ತು, ಗ್ರೀಷ್ಮಾಗೆ ಹದಿನೆಂಟು. “ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಟ್ಟಿದ್ದರಿಂದ ನಿರ್ಧಾರ ಸುಲಭವಾಯಿತು” ಎಂದು ಅಧ್ಯಕ್ಷೆ ನನ್ನ ಕಡೆ ತಿರುಗಿ ನಕ್ಕರು.

ಗ್ರೀಷ್ಮಾ ಆಗಲೂ ಚಪ್ಪಾಳೆ ಹೊಡೆದಳು ಸೋಮು. ಆ ಹುಡುಗಿಯ ಹತ್ತಿರ ಹೋಗಿ ತಬ್ಬಿಕೊಂಡು ಬಂದಳು. ನನ್ನ ತೊಡೆಯ ಮೇಲೆ ಆ ಹಲಗೆ. ಒಂದೇ ಒಂದು ಚುಕ್ಕೆ ಅವಳ ಲೆಕ್ಕಕ್ಕೆ ಬಂದಿದ್ದರೆ ಪಾಯಿಂಟೂ ಸಮ ಆಗುತ್ತಿತ್ತು, ಎರಡು ಬಂದಿದ್ದರೆ ಅವಳ ಹೆಸರೇ ಕೂಗುತ್ತಿದ್ದರು. ನನ್ನ ಹತ್ತಿರ ನಾಲ್ಕಿದ್ದವು.

ವಾಪಸು ಬರುವಾಗ ಕಾರಿನಲ್ಲಿ ಹಿಂದೆ ಕೂತು, “ಕಂಗ್ರಾಟ್ಸ್ ಅಪ್ಪ, ಐ ಆಮ್ ಸೋ ಪ್ರೌಡ್” ಎಂದಳು. ಕಣ್ಣು ಕೆಂಪಾಗಿತ್ತು. ನಾನು ಟ್ರಾಫಿಕ್ ಬಗ್ಗೆ ಏನೋ ಗೊಣಗಿದೆ. ಮಾಧವಿ ಹಲಗೆಯನ್ನು ಷೋಕೇಸಿನಲ್ಲಿ ಗಣಪತಿಯ ಪಕ್ಕ ಇಟ್ಟಳು. ಮೂರು ದಿನ ಅದು ನನ್ನನ್ನೇ ನೋಡುತ್ತಿತ್ತು. ಬುಧವಾರ ಸಂಜೆ ಗ್ರೀಷ್ಮಾ ಬಟ್ಟೆ ಒಗೆದುಕೊಂಡು ಹೋಗಲು ಮನೆಗೆ ಬಂದಾಗ ಇನ್ನು ತಡೆಯಲಾಗಲಿಲ್ಲ. ಪುಟ್ಟ ಪುಸ್ತಕ ತಂದು ಅವಳ ಮುಂದಿಟ್ಟು ಎಲ್ಲ ಹೇಳಿದೆ.

ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು ನೋಡಿದಳು. ಜನವರಿಯ ಒಂದು ಮ್ಯಾಚಿನ ಹತ್ತಿರ ಬೆರಳು ನಿಂತಿತು. ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ, ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಇದು ನನಗೆ ನೆನಪಿದೆ. ಆವತ್ತು ಕಾರಿನಲ್ಲಿ ನಿನ್ನ ಕೇಳಿದೆ, ಅಪ್ಪ, ಆ ಪಾಸು ನನ್ನದಲ್ವಾ ಅಂತ. ಇಲ್ಲ ಪುಟ್ಟಾ ಅಂದೆ. ನೀನು ಹೇಳಿದೆ ಅಂತ ನನ್ನ ನೆನಪೇ ತಪ್ಪು ಅಂದ್ಕೊಂಡೆ.”

“ಜನ ತಪ್ಪು ತಿಳೀಬಾರದು ಅಂತ ಕಣೇ. ನ್ಯಾಯವಾಗಿರೋಣ ಅಂತ” ಎಂದೆ.

ಆಗ ಅವಳು ಕನ್ನಡಕ್ಕೆ ತಿರುಗಿದಳು. ತಡೆದು ತಡೆದು, ಪದ ಹುಡುಕಿ ಹುಡುಕಿ ಹೇಳಿದಳು. “ನ್ಯಾಯ ಅಲ್ಲ ಅಪ್ಪ. ನಿಂಗೆ ಭಯ. ನಿನ್ನ ಭಯಕ್ಕೆ ನನ್ನ ಪಾಸ್ ಕೊಟ್ಟೆ.”

ಲೀಗಿಗೆ ಈಗಲೇ ಬರೆದು ಎಲ್ಲ ಒಪ್ಪಿಕೊಳ್ಳುತ್ತೇನೆ, ಹಲಗೆಯನ್ನೂ ವಾಪಸು ಮಾಡುತ್ತೇನೆ ಎಂದೆ. ಬೇಡ ಎಂದಳು. ಆ ಹುಡುಗಿ ಮನೆಯವರಿಗೆಲ್ಲ ಹೇಳಿಕೊಂಡಾಗಿದೆ, ಅವಳಿಂದ ಕಿತ್ತು ನನಗೆ ಕೊಡಬೇಡ, ನಿನ್ನ ಸಮಾಧಾನಕ್ಕೆ ಇನ್ನೊಬ್ಬಳನ್ನು ಅಳಿಸಬೇಡ ಎಂದಳು. ಹಸಿ ಬಟ್ಟೆಯನ್ನೇ ಚೀಲಕ್ಕೆ ತುಂಬಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದಳು. “ನನಗೊಬ್ಬಳಿಗೇನಾ, ಇಲ್ಲ ಬೇರೆ ಯಾರಿಗಾದ್ರೂ ಹೀಗೆ ಮಾಡಿದೀಯಾ?”

“ಇಲ್ಲ” ಎಂದೆ.

ಮಾಧವಿ ಅಡಿಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ನಿಮಗೆ ಊರೋರು ಏನಂತಾರೋ ಅನ್ನೋದೇ ದೊಡ್ಡದು. ಮನೆಯೋರು ಹೇಗೂ ಸಹಿಸ್ಕೋತಾರೆ ಅಂತ ಧೈರ್ಯ” ಎಂದಳು. ಹಲಗೆಯನ್ನು ತೆಗೆದು ಹಳೆಯ ಬಿಲ್ಲುಗಳ ಡ್ರಾಯರಿಗೆ ಹಾಕಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಮೇಲೆ ಕೂಗಾಡಿದ್ದಿದೆ, ಅದೆಲ್ಲ ತಡೆದುಕೊಂಡಿದ್ದೇನೆ. ಈ ಸಲ ಮೆಲ್ಲಗೆ ಹೇಳಿದಳು.

ನೋಡು, ಎಷ್ಟು ಉದ್ದ ಬರೆದುಬಿಟ್ಟೆ. ಶರಣವ್ವನವರಿಗೆ ನನ್ನ ನಮಸ್ಕಾರ ಹೇಳು. ಮೆಟ್ಟಿಲು ಹತ್ತುವಾಗ ಅವಸರ ಬೇಡ ಎನ್ನು. ನಿನ್ನ ಮೊಮ್ಮಗಳು ಶಾಲೆಯ ಕ್ರಿಕೆಟ್ ತಂಡಕ್ಕೆ ಸೇರಿದ್ದಾಳೆಂದು ಬರೆದಿದ್ದೆಯಲ್ಲ, ಅವಳಿಗೆ ನನ್ನ ಆಶೀರ್ವಾದ. ಅವಳ ರನ್ನುಗಳನ್ನು ಯಾರು ಬರೆಯುತ್ತಾರೆ ಎಂದು ಒಮ್ಮೆ ಹೋಗಿ ನೋಡಿಕೊಂಡು ಬಾ. ಹೊಸ ವರ್ಷ ನಿಮ್ಮೆಲ್ಲರಿಗೂ ಆರೋಗ್ಯ ಕೊಡಲಿ.

ನಿನ್ನ,
ಬಾಲು

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯುವುದಕ್ಕೇ ಕೂತದ್ದು. ಅಷ್ಟು ಹಾಳೆ ತುಂಬಿಸಿದ್ದು ಇಲ್ಲಿಗೆ ಬರಲು ಧೈರ್ಯ ಸಾಲದೆ. ಮಗಳಿಗೆ ‘ಇಲ್ಲ’ ಎಂದದ್ದು ಸುಳ್ಳು.

ಎಪ್ಪತ್ತೆಂಟನೇ ಇಸವಿ, ದಾವಣಗೆರೆ ಮೈದಾನ. ಐವತ್ತು ಹೊಡೆದವರನ್ನು ಮಾತ್ರ ಯೂನಿವರ್ಸಿಟಿ ತಂಡದ ಆಯ್ಕೆಗೆ ಕರೆಯುತ್ತೇವೆ ಎಂದಿದ್ದರು. ನೀನು ನಲವತ್ತೊಂಬತ್ತರಲ್ಲಿದ್ದೆ. ಎದುರು ತಂಡದ ಸ್ಕೋರರ್ ನನ್ನ ಪಕ್ಕ ಕೂತು, “ನಿನ್ನ ರೂಮ್‌ಮೇಟಾ? ಇನ್ನೇನು, ಐವತ್ತು ಆದಂಗೇ ಬಿಡು” ಎಂದಿದ್ದ. ಮುಂದಿನ ಚೆಂಡು ಹಿಂದಕ್ಕೆ ಹೋಯಿತು, ನೀನು ಒಂದು ರನ್ ಓಡಿದೆ. ಗುರುಪಾದಪ್ಪ ಮೇಷ್ಟ್ರು ಅಂಪೈರು, ಅವರು ಯಾವ ಸನ್ನೆಯನ್ನೂ ಮಾಡಲಿಲ್ಲ. ಓವರು ಮುಗಿದ ಮೇಲೆ ಹತ್ತಿರ ಬಂದು “ಏನು ಬರಕೊಂಡ್ಯೋ?” ಎಂದರು. “ಲೆಗ್ ಬೈ ಸರ್, ಕಾಲಿಗೆ ಬಿದ್ದದ್ದು” ಎಂದೆ. ಅವರು ನನ್ನ ಮಾತು ನಂಬಿದರು. ಆ ರನ್ ನಿನ್ನ ಹೆಸರಿಗೆ ಬರದೆ ತಂಡದ ಲೆಕ್ಕಕ್ಕೆ ಹೋಯಿತು. ಮುಂದಿನ ಓವರಿನಲ್ಲಿ ನೀನು ಔಟಾದೆ.

ಚೆಂಡು ಬ್ಯಾಟಿಗೆ ತಾಗಿತ್ತು. ಆ ಸದ್ದು ನನಗೆ ಕೇಳಿಸಿತ್ತು.

ಸಂಜೆ ಮೆಸ್ಸಿನಲ್ಲಿ ‘ಬ್ಯಾಟಿಗೆ ತಾಗಿದಂಗಿತ್ತಲ್ಲೋ ಬಾಲು’ ಎಂದು ನೀನು ಒಂದು ಸಲ ಕೇಳಿದೆ. ಇಲ್ಲ ಎಂದೆ. ನಾನು ಹೇಳಿದೆನೆಂದು ನೀನು ನಂಬಿದೆ. ಆ ತಿಂಗಳೇ ನಿನ್ನ ಬ್ಯಾಟನ್ನು ಜೂನಿಯರ್ ಒಬ್ಬನಿಗೆ ಕೊಟ್ಟುಬಿಟ್ಟೆ, ಮತ್ತೆ ಮೈದಾನಕ್ಕೆ ಬರಲಿಲ್ಲ. ಹಾಸ್ಟೆಲಿನವರೆಲ್ಲ ನಿನ್ನನ್ನು ‘ನಲವತ್ತೊಂಬತ್ತು’ ಎಂದು ಕರೆಯತೊಡಗಿದರು. ನಾನೂ ಕರೆದೆ. ಮೊನ್ನೆ ಮೊನ್ನೆಯ ಕಾಗದಗಳಲ್ಲೂ ತಮಾಷೆಗೆ ಹಾಗೇ ಬರೆದಿದ್ದೇನೆ, ನೀನೂ ನಕ್ಕು ಉತ್ತರ ಬರೆದಿದ್ದೀಯ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಶರಣವ್ವನವರಿಗೆ ಹೇಳು, ಮೊಮ್ಮಗಳಿಗೂ ಹೇಳು. ಇನ್ನು ಮೇಲೆ ಯಾರು ಕೇಳಿದರೂ ಐವತ್ತು ಎಂದೇ ಹೇಳು. ಬರೆದವನೇ ಒಪ್ಪಿಕೊಂಡಿದ್ದಾನೆ ಎಂದು ಈ ಕಾಗದ ತೋರಿಸು.