ನಗಿಸಿ ಕಳಿಸಿದ ನರ್ಸ್

ಮಾರ್ಚ್ ೧೪, ರಾತ್ರಿ. ಹೆರಿಗೆಯಾಗಿ ಹನ್ನೊಂದನೆಯ ದಿನ.

ಸಿಸೇರಿಯನ್ ಹೊಲಿಗೆಯ ಎಡತುದಿ ಬೆಳಿಗ್ಗೆಯೇ ಕೆಂಪಗೆ ಊದಿಕೊಂಡಿತ್ತು. ಮನೆಗೆ ನೋಡಲು ಬಂದ ನರ್ಸ್, "ಗಾಯ ಹೇಗಿದೆಯಮ್ಮಾ?" ಎಂದರು. "ಗಾಯ ಹಾಯಾಗಿದೆ ಸಿಸ್ಟರ್, ನಿದ್ದೆ ಇಲ್ಲದಿರೋದು ನಂಗೆ ಮಾತ್ರ" ಎಂದೆ. ಬಿದ್ದು ಬಿದ್ದು ನಕ್ಕು, ಪಟ್ಟಿಯನ್ನೂ ಬಿಚ್ಚದೆ ಹೊರಟುಹೋದರು. ಬಿಚ್ಚಿ ನೋಡಿ ಎಂದು ನಾನೂ ಹೇಳಲಿಲ್ಲ. ನೋಡಿದರೆ ಮತ್ತೆ ಆಸ್ಪತ್ರೆ, ಮಗಳನ್ನು ಬಿಟ್ಟಿರಬೇಕು ಎಂಬ ಹೆದರಿಕೆ.

ಸಂಜೆಯಿಂದ ಚಳಿ. ಈಗ ಪಟ್ಟಿ ಒದ್ದೆಯಾಗಿದೆ, ವಾಸನೆ ಬೇರೆ. ಜ್ವರ ನೂರಾ ಎರಡು.

ಗಂಡನನ್ನು ಎಬ್ಬಿಸಿದೆ. "ಏಳೋ, ಹೊಲಿಗೆಯಿಂದ ಕೀವು ಬರ್ತಿದೆ. ಭಯ ಆಗ್ತಿದೆ."

ಕಣ್ಣು ಮುಚ್ಚಿಕೊಂಡೇ ನಕ್ಕ. "ಹೂಂ, ಆಮೇಲೆ?" ಜೋಕಿನ ಕೊನೆಗೆ ಕಾಯುತ್ತಿದ್ದ. ಏಳು ವರ್ಷದಿಂದ ನಾನೇ ಮಾಡಿಸಿದ ಅಭ್ಯಾಸ. ಅವನ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟುಕೊಂಡೆ. ನಗು ಅಲ್ಲೇ ನಿಂತಿತು.

ಈಗ ಮನೆಯೆಲ್ಲ ಕಾರಿನ ಕೀ ಹುಡುಕುತ್ತಿದ್ದಾನೆ. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಕೀ ಇಲ್ಲೇ, ನನ್ನ ಕಣ್ಣೆದುರೇ, ಔಷಧದ ಬಾಟಲಿಯ ಹಿಂದೆ ಇದೆ. ಹೇಳಿದರೆ ಹೊರಡಬೇಕು. ಮಗಳ ಮುಖ ಇನ್ನೊಂದು ಸಲ ನೋಡಿಕೊಂಡು ಹೇಳಿಬಿಡುತ್ತೇನೆ.