ಬೀದಿಗೆಲ್ಲ ಒಂದೇ ಬೀಗ

ಅಕ್ಕಾ,

ಕೆಮ್ಮು ನಿಂತಿದೆ, ಇನ್ನು ಔಷಧಿ ಕಳಿಸಬೇಡ.

ಬಾಗಿಲೆಳೆದರೆ ತಾನೇ ಬೀಳುವ, ಬೆರಳೊತ್ತಿದರೆ ತೆರೆಯುವ ಬೀಗ ಕೂರಿಸುವುದು ನನ್ನ ಕೆಲಸ. ಈ ಬೀದಿಯವರಿಗೋ ಹಗಲು ಬಾಗಿಲು ಹಾಕುವ ರೂಢಿಯೇ ಇಲ್ಲ! ಆದರೂ ಹೊಸ ಬೀಗ ಬೇಕಂತೆ. ನನಗೆ ರೂಮು ಕೊಟ್ಟಿರುವ ಅಜ್ಜಿಯ ಬಾಗಿಲಿಗೆ ಮೊದಲು ಕೂರಿಸಿ, ಯಾರ್ಯಾರ ಬೆರಳು ಸೇರಿಸಲಿ ಎಂದು ಕೇಳಿದೆ. ಇಡೀ ಬೀದಿಯನ್ನೇ ಕರೆದು ಸಾಲಾಗಿ ನಿಲ್ಲಿಸಿಬಿಟ್ಟರು.

“ಪಕ್ಕದ್ಮನೆಯವಳು ಸಕ್ಕರೆಗೆ ಬರ್ತಾಳೆ, ದರ್ಜಿ ಪೇಪರ್ ಓದೋಕೆ ಬರ್ತಾನೆ. ಅವರೇನು ಬಿಸಿಲಲ್ಲಿ ನಿಂತಿರ್ಬೇಕಾ?”

ಬೀಗದ ಹೊಟ್ಟೆ ತುಂಬಿಹೋಗಿ ನನ್ನ ಬೆರಳಿಗೇ ಜಾಗ ಉಳಿಯಲಿಲ್ಲ.

“ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯಾ? ನನ್ನ ಬೆರಳು ತೆಗೆದು ನಿಂದು ಹಾಕ್ಕೋ. ನಾನು ಹೇಗೂ ಈ ಮನೆಯವಳೇ ಅಲ್ವಾ?” ಎಂದರು ಅಜ್ಜಿ.

ಇಲ್ಲಿಗೆ ಮುಗಿಸುತ್ತೇನೆ. ಅಗೋ, ಈ ಮನೆಯ ಅಜ್ಜಿಯೇ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಾರೆ.

ನಿನ್ನ ತಮ್ಮ