ತಳದ ಹೊಲದ ಮಣ್ಣು

ಮೇಲಿನ ಮನೆ
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಈ ಸಲ ಅದನ್ನು ಕೇಳಲೇಬಾರದು ಎಂದು ಹಟ ಹಿಡಿದು ಕುಳಿತಿದ್ದೆ. ಪೆನ್ನು ಹಿಡಿದ ಕೂಡಲೇ ಕೈ ಅದನ್ನೇ ಬರೆಯಿತು, ಹಾಳು ಅಭ್ಯಾಸ. ನರ್ಸರಿಯಲ್ಲಿ ಬೆಳಬೆಳಿಗ್ಗೆ ಗಿಡಗಳಿಗೆ ನೀರು ಹಿಡಿಯುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ನಿನ್ನ ಹೆಂಡತಿಯ ಸೊಂಟನೋವು ಕಡಿಮೆಯಾಗಿದೆ ಎಂದುಕೊಳ್ಳುತ್ತೇನೆ. ಇಲ್ಲಿ ಅಪ್ಪ ಗಟ್ಟಿಯಾಗಿದ್ದಾರೆ, ಊಟ ಸೇರುತ್ತದೆ, ಕಿವಿ ಮಾತ್ರ ಅವರಿಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ಆಡು ಎರಡು ಮರಿ ಹಾಕಿದೆ. ಕುಶಲದ ಮಾತು ಇಲ್ಲಿಗೆ ಸಾಕು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಹಾಲಿನ ವ್ಯಾನಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹೋದ ಗುರುವಾರ ಮಣ್ಣು ಹೊರುವ ಕೆಲಸ ಶುರುಮಾಡಬೇಕಿತ್ತು. ಪೇಟೆ ಸೇರಿದ ಮೇಲೆ ನಿನಗೆ ಅದು ಮರೆತೇಹೋಗಿರಬಹುದು, ಆದ್ದರಿಂದ ಹೊಸಬರಿಗೆ ಹೇಳುವ ಹಾಗೆ ಹೇಳುತ್ತೇನೆ, ಕೇಳಿಸಿಕೋ. ಪ್ರತಿ ಮಳೆಗಾಲದಲ್ಲೂ ನಮ್ಮ ಮೆಟ್ಟಿಲು ಹೊಲಗಳ ಮಣ್ಣು ಕಲ್ಲೊಡ್ಡುಗಳ ಸಂದಿಯಿಂದ ಜಾರಿ ಜಾರಿ, ಕೊನೆಗೆ ತಳದಲ್ಲಿರುವ ನಿನ್ನ ಹೊಲದಲ್ಲಿ ಬಂದು ನಿಲ್ಲುತ್ತದೆ. ಮಳೆ ನಿಂತ ಮೇಲೆ ಅದನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಮತ್ತೆ ತುದಿಯ ಹೊಲದವರೆಗೆ ಒಯ್ದು ಹರಡುತ್ತೇವೆ. ಒಂದು ವರ್ಷ ಬಿಟ್ಟರೆ ಮೇಲೆ ಬಂಡೆ ಕಾಣಿಸುತ್ತದೆ. ಈ ಬೆಟ್ಟದಲ್ಲಿ ನಾವು ಇಷ್ಟು ತಲೆಮಾರು ಉಂಡಿದ್ದು ಹೀಗೆ ಹೊತ್ತಿದ್ದರಿಂದಲೇ. ನಾನು, ಚಿಕ್ಕಮ್ಮ, ಒಡ್ಡು ಕಟ್ಟುವವನ ಹೆಂಡತಿ, ಮೂವರೂ ಹರಟುತ್ತಾ ಇಳಿದೆವು. ಚಿಕ್ಕಮ್ಮ ತನ್ನ ಮಗಳ ಮದುವೆಯಲ್ಲಿ ಬೀಗರು ಕುರ್ಚಿಗಾಗಿ ಜಗಳವಾಡಿದ್ದನ್ನು ಅವರಂತೆಯೇ ಮುಖ ಮಾಡಿ ತೋರಿಸುತ್ತಿದ್ದಳು, ನಗು ತಡೆಯಲಾಗದೆ ನನ್ನ ಬುಟ್ಟಿ ಎರಡು ಸಲ ಬಿತ್ತು. ಕೊನೆಯ ಒಡ್ಡು ದಾಟುತ್ತಲೇ ಅವಳು ಗಕ್ಕನೆ ನಿಂತಳು.

ನಿನ್ನ ಹೊಲ ಇರಲಿಲ್ಲ ಕಣೋ. ರಸ್ತೆ ಕಡೆಯ ಅರ್ಧ ಹೊಲ ದೊಡ್ಡ ಹೊಂಡವಾಗಿತ್ತು. ಕರಿಮಣ್ಣೆಲ್ಲ ಹೋಗಿ ಅಡಿಯ ಹಳದಿ ಜಲ್ಲಿ ಮೇಲೆದ್ದಿತ್ತು, ಲಾರಿಯ ಗಾಲಿ ಓಡಾಡಿದ ಗುರುತು ರಸ್ತೆ ಬದಿಯ ಗೇಟಿನವರೆಗೂ ಇತ್ತು. ಮೇಲಿನ ಒಡ್ಡಿನ ಬುಡದ ಕಲ್ಲುಗಳು ಒಸಡು ಬಿಟ್ಟ ಹಲ್ಲಿನ ಹಾಗೆ ಹೊರಗೆ ನಿಂತಿದ್ದವು. ಅಪ್ಪ ಬಂದು ನೋಡಿದರು, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮಣ್ಣನ್ನೂ ಕದಿಯುವ ಕಾಲ ಬಂತಲ್ಲ ಎಂದರು. ಚಿಕ್ಕಮ್ಮ ಮಾತ್ರ ಗೇಟಿನ ಹತ್ತಿರ ಹೋಗಿ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೀಗ ಮುರಿದಿರಲಿಲ್ಲ, ಅದರ ಕೀಲಿಕೈ ಇರುವುದು ನಿನ್ನೊಬ್ಬನ ಹತ್ತಿರ. "ಕಳ್ಳರಿಗೆ ಕೀಲಿಕೈ ಕೊಟ್ಟೋರು ಯಾರಮ್ಮಾ?" ಎಂದಳು ನನ್ನನ್ನೇ ನೋಡಿ. ನಾನು ಉರಿದುಬಿದ್ದೆ. ನನ್ನ ತಮ್ಮನ ಮೇಲೆ ಇನ್ನೊಂದು ಮಾತಾಡಿದರೆ ನಮ್ಮನೆ ಹೊಸಿಲು ತುಳಿಯಬೇಡ ಎಂದುಬಿಟ್ಟೆ. ನಮ್ಮನ್ನು ಎತ್ತಿ ಆಡಿಸಿದವಳು, ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು.

ಭಾನುವಾರ ಖಾಲಿ ಲಾರಿಯೊಂದು ಗೇಟಿನ ಮುಂದೆ ನಿಂತಿತು. ಕುಡುಗೋಲು ಹಿಡಿದೇ ಓಡಿದೆ. ಡ್ರೈವರ್ ಜೇಬಿನಿಂದ ಕೀಲಿಕೈ ತೆಗೆದು, ತನ್ನ ಮನೆಯ ಬಾಗಿಲು ತೆಗೆಯುವ ಹಾಗೆ ಬೀಗ ತೆಗೆಯುತ್ತಿದ್ದ. ನನ್ನ ಬೈಗುಳವೆಲ್ಲ ಮುಗಿಯುವವರೆಗೂ ಪಾಪ ಬೀಗ ಹಿಡಿದುಕೊಂಡೇ ನಿಂತಿದ್ದ. ಆಮೇಲೆ, "ನನ್ನನ್ನ ಯಾಕೆ ಬೈತೀರಾ ಅಕ್ಕಾ, ಹೊಲದ ಯಜಮಾನರೇ ಅಲ್ವಾ ಕಳಿಸಿದ್ದು" ಎಂದ. ದಾರಿ ಒಣಗಿದೆಯೋ ನೋಡಲು ಬಂದಿದ್ದನಂತೆ, ಉಳಿದರ್ಧವನ್ನು ಶುಕ್ರವಾರ ಒಯ್ಯಬೇಕಂತೆ. ನಿನ್ನ ನರ್ಸರಿಯಲ್ಲಿ 'ಬೆಟ್ಟದ ಅಪ್ಪಟ ಮಣ್ಣು' ಎಂದು ಬೋರ್ಡ್ ಹಾಕಿ ಚೀಲಗಟ್ಟಲೆ ಇಟ್ಟಿದ್ದೀಯಂತೆ, ಜನ ಬಾಲ್ಕನಿಯ ಕುಂಡಗಳಿಗೆ ಒಯ್ಯುತ್ತಾರಂತೆ. ತುಂಬ ಒಳ್ಳೆಯ ಮಣ್ಣು, ಏನು ನೆಟ್ಟರೂ ಬರುತ್ತದೆ ಎಂದು ನನಗೇ ಹೊಗಳಿ ಹೇಳಿದ. ಅದು ಒಳ್ಳೆಯ ಮಣ್ಣಾಗಿದ್ದು ಹೇಗೆ ಎಂದು ನನ್ನ ಕುತ್ತಿಗೆಯನ್ನು ಕೇಳಬೇಕಿತ್ತು ಅವನು.

ಲಾರಿ ಮೊದಲು ಬಂದದ್ದು ಯಾವ ದಿನ ಎಂದು ಕೇಳಿದೆ. ಕೇಳದಿದ್ದರೇ ಚೆನ್ನಾಗಿತ್ತು. ಚಿಕ್ಕಮ್ಮನ ಮಗಳ ಮದುವೆಗೆ ನಾವೆಲ್ಲ ಮನೆಗೆ ಬೀಗ ಹಾಕಿ ಆಚೆ ಕಣಿವೆಗೆ ಹೋಗಿದ್ದ ದಿನ. ಅವತ್ತು ಬೆಳಿಗ್ಗೆ ನೀನು ಫೋನ್ ಮಾಡಿ, "ಕೆಮ್ಮು ಜಾಸ್ತಿ ಆಗಿದೆ ಅಕ್ಕಾ, ಬರೋಕಾಗಲ್ಲ, ನನ್ನ ಪರವಾಗಿ ನೀನೇ ಅಕ್ಷತೆ ಹಾಕಿಬಿಡು" ಎಂದಿದ್ದೆ. ನಾನು ಹಾಕಿದೆ ಕಣೋ. ನಿನ್ನ ಪಾಲಿನದು ಬೇರೆ, ನನ್ನ ಪಾಲಿನದು ಬೇರೆ ಎಂದು ಎರಡು ಸಲ ಹಾಕಿದೆ. ಅದೇ ಹೊತ್ತಿಗೆ ಇಲ್ಲಿ ಯಂತ್ರ ಮಣ್ಣು ಎತ್ತುತ್ತಿತ್ತು. ನೀನು ಮಣ್ಣು ಮಾರಿದ್ದಕ್ಕಿಂತ ಇದು ಹೆಚ್ಚು ಉರಿಯುತ್ತದೆ.

ಪಾಲಾದಾಗ ತಳದ ಹೊಲ ನನಗೆ ಬೇಕಿತ್ತು. ನನ್ನ ಮೊಣಕಾಲು ಆಗಲೇ ಹತ್ತಲಾರೆ ಅನ್ನುತ್ತಿತ್ತು. ಅವನಿಗೆ ಏದುಸಿರು, ಹತ್ತಲಾರ, ರಸ್ತೆ ಪಕ್ಕದ್ದು ಅವನಿಗಿರಲಿ ಎಂದರು ಅಪ್ಪ ನಿನ್ನನ್ನು ತೋರಿಸಿ. ನಾನು ಆಗಲಿ ಎಂದುಬಿಟ್ಟೆ. ಅಂದು ನಿನ್ನ ಭುಜ ಹಿಡಿದು ಅವರು, "ಹೊಲ ನಿನ್ನದು ಕಣೋ, ಮೇಲಿಂದ ಬರೋ ಮಣ್ಣು ಮೇಲಿನವರದು" ಎಂದಾಗ ತಲೆಯಾಡಿಸಿದ್ದು ನೀನೇ. ತೊಂದರೆಯಿದ್ದರೆ ಹೇಳಬಹುದಿತ್ತಲ್ಲ, ನನ್ನ ಹತ್ತಿರ ನಿನಗೆ ಯಾವ ನಾಚಿಕೆ? ಈಗ ಬಿತ್ತನೆಯ ಆಲೂಗಡ್ಡೆ ಮೂಲೆಯಲ್ಲಿ ಮೊಳಕೆ ಬಿಟ್ಟು ಕುಳಿತಿದೆ, ತುದಿಯ ಹೊಲದಲ್ಲಿ ಅದನ್ನು ಮುಚ್ಚಲು ಮಣ್ಣಿಲ್ಲ. ಒಡ್ಡು ಕಟ್ಟುವವನು ನಿನ್ನೆ ಬಂದು ಬುಡದ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಇನ್ನರ್ಧವನ್ನೂ ಅಗೆದರೆ ಮುಂದಿನ ಮಳೆಗೆ ಆ ಒಡ್ಡು ಕುಸಿದು ಕೂರುತ್ತದೆ, ಅದರ ಹಿಂದೆ ಅದರ ಮೇಲಿನದು, ಹೀಗೇ ಮನೆಯವರೆಗೂ ಬರುತ್ತದೆ ಎಂದ.

ನಾನು ಚಿಕ್ಕಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದು ಬಂದೆ. ಅವಳು ಹಂಗಿಸಲಿಲ್ಲ, ಟೀ ಕೊಟ್ಟಳು, ನನ್ನ ಜೊತೆಗೆ ಅತ್ತಳು. ನಿನಗೆ ಮಾತ್ರ ಅವಳು ಏನೂ ಹೇಳಿಕಳಿಸಿಲ್ಲ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳಿಗೆ ಇದೊಂದೂ ಗೊತ್ತಿರಲಾರದು. ಚೆನ್ನಾಗಿರು ಎಂದು ಬರೆಯದೆ ನಿನಗೆ ಕಾಗದ ಮುಗಿಸುವುದು ನನಗೆ ಬರುವುದಿಲ್ಲ. ಎಷ್ಟು ಸಿಟ್ಟಿದ್ದರೂ ಬರುವುದಿಲ್ಲ. ಚೆನ್ನಾಗಿರು.

ನಿನ್ನ,
ಅಕ್ಕ

ಮತ್ತೆ: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಲಾರಿ ಕಳಿಸಿದ್ದು ನೀನೇ ಎಂದು ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಕಳ್ಳರು ಮತ್ತೆ ಬಂದೇ ಬರುತ್ತಾರೆ ಎಂದು ಅವರು ನಿನ್ನೆಯಿಂದ ನಿನ್ನ ಹೊಲದಲ್ಲೇ ಮಂಚ ಹಾಕಿಸಿಕೊಂಡು ಕೋಲು ಹಿಡಿದು ಕಾವಲು ಕುಳಿತಿದ್ದಾರೆ. ಊಟವನ್ನೂ ಅಲ್ಲಿಗೇ ಒಯ್ಯುತ್ತಿದ್ದೇನೆ. ಮನೆಗೆ ಬನ್ನಿ ಎಂದರೆ, "ಪಾಪ, ಅವನು ದೂರ ಇದಾನೆ, ಅವನ ಹೊಲ ನಾನಲ್ಲದೆ ಇನ್ಯಾರು ಕಾಯ್ತಾರೆ" ಎನ್ನುತ್ತಾರೆ. ಶುಕ್ರವಾರ ಲಾರಿ ಕಳಿಸುವುದೇ ಆದರೆ ಡ್ರೈವರ್ ಒಬ್ಬನನ್ನೇ ಕಳಿಸಬೇಡ. ನೀನೂ ಬಾ. ಅಪ್ಪನನ್ನು ಅಲ್ಲಿಂದ ನೀನೇ ಎಬ್ಬಿಸು.